ಸಾಹೇಬರ ಕೊರಳಿಗೆ ಬಿಳಿ ಬಟ್ಟೆ

ಅಂಗಡಿಯ ಬೆಂಚಿನಿಂದ,
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಲಾಯರಮ್ಮನಿಗೆ,

ನಿನ್ನ ಅಪ್ಪನ ತುಂಬು ಮನಸ್ಸಿನ ಆಶೀರ್ವಾದ. ಹೇಗಿದ್ದೀಯ? ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಅಥವಾ ಕಡತಗಳ ನಡುವೆ ಎರಡು ಲೋಟ ಚಹಾ ಕುಡಿದು ಅದನ್ನೇ ಊಟ ಅನ್ನುತ್ತಿದ್ದೀಯಾ? ಎಲ್ಲಕ್ಕಿಂತ ಮುಖ್ಯವಾಗಿ ಕೂದಲು ಉದುರುವುದು ನಿಂತಿತೋ ಇಲ್ಲವೋ ಹೇಳು. ಹೋದ ಸಲ ಬಂದಾಗ ನಿನ್ನ ಬೈತಲೆ ಅಗಲವಾದದ್ದನ್ನು ನೋಡಿದ್ದೆ. ನಾನು ಡಾಕ್ಟರಲ್ಲ, ನಿಜ. ಆದರೆ ತಲೆ ನೋಡಿ ನಿದ್ದೆ ಎಷ್ಟಾಗುತ್ತಿದೆ ಎಂದು ಹೇಳುವಷ್ಟು ತಲೆಗಳು ನನ್ನ ಕೈಕೆಳಗೆ ಹೋಗಿವೆ. ನಿನಗೆ ನಿದ್ದೆ ಸಾಲದು. ನನ್ನ ಮೊಣಕೈ ನೋವು ಮೊದಲಿನ ಹಾಗೇ ಇದೆ, ಕತ್ತರಿ ಹಿಡಿದಾಗ ಮರೆತುಹೋಗುತ್ತದೆ, ಕೆಳಗಿಟ್ಟ ಕೂಡಲೇ ನೆನಪಾಗುತ್ತದೆ. ನಿನ್ನ ಅಮ್ಮ ಚೆನ್ನಾಗಿದ್ದಾಳೆ, ದಿನಕ್ಕೆರಡು ಸಲ ನನ್ನನ್ನು ಬೈಯುವಷ್ಟು ಚೆನ್ನಾಗಿದ್ದಾಳೆ.

ಫೋನ್ ಬಿಟ್ಟು ಕಾಗದ ಯಾಕೆ ಎಂದು ನೀನು ಹುಬ್ಬು ಏರಿಸಿರುತ್ತೀಯ. ಫೋನಿನಲ್ಲಿ ನೀನು ಅಮ್ಮನ ಜೊತೆ ಮಾತಾಡುತ್ತೀಯ, ನಾನು ಕೈ ಚಾಚುವಷ್ಟರಲ್ಲಿ ನಿನಗೆ ಮೀಟಿಂಗ್ ಶುರುವಾಗಿಬಿಡುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ. ಇದನ್ನು ನಿನ್ನ ಕೊರಳಿಗೆ ನಾನು ಕಟ್ಟಿದ ಬಿಳಿ ಬಟ್ಟೆ ಅಂತ ತಿಳಿದುಕೋ. ಮುಗಿಯುವ ತನಕ ಬಾಯಿ ಬಿಡುವ ಹಾಗಿಲ್ಲ. ನಮ್ಮ ಅಂಗಡಿಯ ಕಾನೂನು ನಿನಗೆ ಹೊಸದೇನಲ್ಲವಲ್ಲ. ಲಂಗ ಹಾಕಿಕೊಂಡು ಇದೇ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತಾ ಕೂತು, ಹಾಲಿನ ದರ ಏರಿಸಿದ್ದು ಸರಿಯೋ ತಪ್ಪೋ ಎಂದು ದೊಡ್ಡವರಿಗೆಲ್ಲ ತೀರ್ಪು ಕೊಟ್ಟು ತಾನೇ ನಿನಗೆ ಲಾಯರಮ್ಮ ಅನ್ನುವ ಹೆಸರು ಬಿದ್ದದ್ದು, ಸಾರಿಗೆ ಇಲಾಖೆ ಸೇರಿದರೂ ಹೋಗದ ಹೆಸರು!

ಆ ಕಾನೂನು ಈಗಲೂ ನಡೆಯುತ್ತಿದೆ. ಕರೆಂಟಿನ ದರವಿರಲಿ, ಪಿಂಚಣಿಯಿರಲಿ, ಸರ್ಕಾರ ಉಚಿತವಾಗಿ ಕೊಡುವುದು ಸರಿಯೋ ಅನ್ನುವ ಮುಗಿಯದ ಜಗಳವಿರಲಿ, ಕುರ್ಚಿಯಲ್ಲಿ ಕೂತವನು ಮಾತಾಡುವ ಹಾಗಿಲ್ಲ. ಕೊರಳಿಗೆ ಬಟ್ಟೆ, ಕೆನ್ನೆಗೆ ನೊರೆ, ಎದುರಿಗೆ ನನ್ನ ಕತ್ತಿ. ಬೆಂಚಿನ ಮೇಲೆ ಕೂತವರು ಏನು ಬೇಕಾದರೂ ಹೇಳಲಿ, ಅವನು ಕೇಳಿಸಿಕೊಳ್ಳಬೇಕು. ಎದ್ದ ಮೇಲೆ ಅವನ ಸರದಿ. ಆದರೆ ಮೊದಲು ಎದುರಾಳಿ ಹೇಳಿದ್ದನ್ನು ತನ್ನ ಬಾಯಲ್ಲಿ ಹೇಳಬೇಕು. ಎದುರಾಳಿ "ಹೂಂ, ಇದೇ ನಾನು ಹೇಳಿದ್ದು" ಅಂದರೆ ಮಾತ್ರ ತನ್ನ ವಾದ ಶುರುಮಾಡಬಹುದು. ಈ ಎರಡನೇ ಭಾಗ ನನ್ನದಲ್ಲ, ನಿನ್ನ ತಾತನದು. ನೊರೆ ಕಿವಿಗೆ ಹೋಗಿತ್ತು, ಏನೂ ಕೇಳಿಸಲಿಲ್ಲ ಎಂದು ಜಾರಿಕೊಳ್ಳುವವರ ಕಾಟ ತಡೆಯಲಾರದೆ ಅವರು ಮಾಡಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಸಲ ನೀನು ಬಂದಾಗ ಊಟಕ್ಕೆ ಕೂತಿದ್ದೆವು. ನೀನು ಅನ್ನ ಕಲಸುತ್ತಾ ಕಲಸುತ್ತಾ ನಿಲ್ಲಿಸಿ, "ಅಪ್ಪಾ, ಖಾಲಿ ಓಡೋ ಬಸ್ಸುಗಳನ್ನ ನಿಲ್ಲಿಸಬೇಕು ಅಂತ ವರದಿ ಕೊಟ್ಟಿದ್ದೀವಿ. ಬರೆದವಳು ನಾನೇ. ನಮ್ಮೂರಿನ ಆಸ್ಪತ್ರೆ ಬಸ್ಸೂ ಅದರಲ್ಲಿದೆ, ಅದು ಬಿಸ್ಕತ್ತು ಫ್ಯಾಕ್ಟರಿ ಕಡೆಗೆ ಹೋಗುತ್ತೆ" ಅಂದೆ. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ನಿನ್ನ ಅಮ್ಮ ರೋಗಿಗಳಿಗೆ ಅಡುಗೆ ಮಾಡಿ ತಂದ ಸಂಬಳದಲ್ಲಿ ನೀನು ಓದಿದೆ. ಬೆಳಗ್ಗೆ ಹೋಗಲು ಬೇರೆ ಬಸ್ಸುಗಳಿವೆ, ಸಂಜೆ ವಾಪಸು ಬರಲು ಅದೊಂದೇ. ಅದು ನಿಂತರೆ ಅವಳ ಕೆಲಸವೂ ನಿಂತ ಹಾಗೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದೆ ನಾನು. "ಅಮ್ಮ ಒಬ್ಬಳಿಗೋಸ್ಕರ ವರದಿ ತಿದ್ದಲಾ? ಅದೇ ದಾರಿನಾ ನೀವು ನನಗೆ ಕಲಿಸಿದ್ದು?" ಎಂದೆ ನೀನು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ನೀನು ತಟ್ಟೆ ಎತ್ತಿಕೊಂಡು ಏಳುತ್ತಾ, "ಊರಲ್ಲಿ ಅಹವಾಲು ಸಭೆ ಇಡ್ತಾರೆ. ನಿಮ್ಮ ವಾದ ಅಂಗಡಿಯಲ್ಲಿ ಗೆಲ್ಲುತ್ತೆ, ಅಲ್ಲಿ ಗೆದ್ದು ತೋರಿಸಿ ನೋಡೋಣ" ಅಂದೆ. ಮರುದಿನ ಹೊರಟವಳು ಮತ್ತೆ ಈ ಕಡೆ ತಲೆ ಹಾಕಿಲ್ಲ. ಕತ್ತರಿಯ ಎರಡು ಅಲಗುಗಳೂ ಹರಿತವಾಗಿದ್ದರೆ ಹೀಗೇ.

ನೀನು ಹೋದ ಮೇಲೆ ನಾನು ಅಮ್ಮನ ಮುಂದೆ ನಿನ್ನನ್ನು ಬೈಯಲು ಹೋಗಿ ಬೈಸಿಕೊಂಡೆ. "ಅವಳು ತನ್ನ ಕೆಲಸ ತಾನು ಮಾಡಿದ್ದಾಳೆ. ನನಗೋಸ್ಕರ ಅದನ್ನ ಮುಚ್ಚಿಟ್ಟಿದ್ರೆ ಅವಳ ಮುಖ ನೋಡ್ತಿರಲಿಲ್ಲ ನಾನು" ಎಂದಳು. ಆಡಿದ್ದು ಅಷ್ಟೇ. ಆದರೆ ನಿನಗೆ ಗೊತ್ತಲ್ಲ, ಪ್ರತಿ ಭಾನುವಾರ ಅವಳು ತನ್ನ ಅಡುಗೆಮನೆಯ ಬಿಳಿ ಏಪ್ರನ್ನಿಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಗೆರೆ ಮುರಿಯದ ಹಾಗೆ ಗೂಟಕ್ಕೆ ನೇತುಹಾಕುತ್ತಾಳೆ. ಬಸ್ಸು ನಿಲ್ಲುತ್ತದೆ ಎಂಬ ನೋಟೀಸು ಬಸ್ ಸ್ಟ್ಯಾಂಡಿನ ಗೋಡೆಗೆ ಬಿದ್ದ ವಾರ ಅವಳು ಇಸ್ತ್ರಿ ಪೆಟ್ಟಿಗೆ ಮುಟ್ಟಲಿಲ್ಲ. ಏಪ್ರನ್ನು ಮುದ್ದೆಯಾಗಿ ಬುಟ್ಟಿಯಲ್ಲಿತ್ತು. "ಇನ್ನೆಷ್ಟು ದಿನಕ್ಕೆ, ಸುಮ್ನೆ ಯಾಕೆ ಕರೆಂಟು ದಂಡ" ಅಂದಳು. ಅವಳು ಅತ್ತಿದ್ದರೆ ನನಗೆ ಸಮಾಧಾನ ಮಾಡಲು ಬರುತ್ತಿತ್ತು. ಆ ಮುದ್ದೆಯಾದ ಏಪ್ರನ್ನಿಗೆ ಏನು ಸಮಾಧಾನ ಹೇಳಲಿ?

ಅಂಗಡಿಯಲ್ಲಂತೂ ಬೇರೆ ಮಾತೇ ಇಲ್ಲ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಮ್ಯಾನೇಜರು, ಗೊತ್ತಲ್ಲ, ತಲೆಯಲ್ಲಿ ಕೂದಲಿಲ್ಲದಿದ್ದರೂ ವಾದಕ್ಕೋಸ್ಕರ ವಾರಕ್ಕೊಮ್ಮೆ ಬರುವವರು, ಬಸ್ಸು ನಿಲ್ಲಿಸಬೇಕು ಅನ್ನುವ ಪಕ್ಷ. "ನಷ್ಟದಲ್ಲಿ ಓಡಿಸೋದು ಸೇವೆ ಅಲ್ಲ, ಸೋಮಾರಿತನ. ತೆರಿಗೆ ಕಟ್ಟೋರ ಬೆವರು ಅದು" ಎಂದು ಬೆರಳು ಎತ್ತುತ್ತಿದ್ದರು. ಬಾಡಿಗೆ ವ್ಯಾನು ಓಡಿಸುವ ಯಜಮಾನನೂ ಅದೇ ಪಕ್ಷ. ಅವನ ತೆರಿಗೆಪ್ರೇಮ ಯಾಕೆಂದು ಎಲ್ಲರಿಗೂ ಗೊತ್ತು, ಬಸ್ಸು ನಿಂತರೆ ಅವನ ವ್ಯಾನಿಗೆ ಸುಗ್ಗಿ. ಎದುರು ಅಂಗಡಿಯ ದರ್ಜಿ ಬಸ್ಸು ಬೇಕು ಅನ್ನುವವನು. ಅವನ ತಾಯಿಗೆ ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆ. "ಆಸ್ಪತ್ರೇಲಿ ಲಾಭ ನೋಡ್ತಾರೇನ್ರಿ? ಹಾಗಾದ್ರೆ ಆಸ್ಪತ್ರೆಗೆ ಹೋಗೋ ಬಸ್ಸಲ್ಲಿ ಯಾಕೆ ನೋಡ್ತೀರಿ?" ಎಂದು ಕತ್ತಿನಲ್ಲಿದ್ದ ಟೇಪು ಹಿಡಿದು ಕುಣಿಯುತ್ತಿದ್ದ. ಎತ್ತು ಏರಿಗೆ, ಕೋಣ ನೀರಿಗೆ. ಆದರೆ ಒಂದು ವಿಷಯದಲ್ಲಿ ಬಸ್ಸು ಬೇಕು ಅನ್ನುವವರೆಲ್ಲ ಒಂದಾಗಿದ್ದರು: ಆ ವರದಿ ಬರೆದವರಿಗೆ ಶಾಪ ಹಾಕುವುದರಲ್ಲಿ. "ಯಾವ ಪುಣ್ಯಾತ್ಮ ಬರೆದನೋ, ಅವನ ಮನೇಲಿ ಒಬ್ಬರಿಗೆ ಕಾಯಿಲೆ ಬಂದಿದ್ರೆ ಗೊತ್ತಾಗ್ತಿತ್ತು" ಎಂದ ದರ್ಜಿ ಒಂದು ದಿನ, ನನ್ನ ಕುರ್ಚಿಯ ಪಕ್ಕದಲ್ಲೇ ನಿಂತು. ನನ್ನ ಕೈಯಲ್ಲಿ ಕತ್ತಿಯಿತ್ತು, ಕತ್ತಿಯ ಕೆಳಗೆ ವ್ಯಾನಿನ ಯಜಮಾನನ ಗಂಟಲಿತ್ತು. ಪಾಪ, ಅವನದೇನೂ ತಪ್ಪಿರಲಿಲ್ಲ. ನಾನು ಕತ್ತಿಯನ್ನು ಕೆಳಗಿಟ್ಟು, ನೀರು ಕುಡಿದು, ಮತ್ತೆ ಎತ್ತಿಕೊಂಡೆ. ಬರೆದವಳು ನನ್ನ ಮಗಳು ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಆಗ ಹೇಳಿದ್ದರೆ ಜಗಳಕ್ಕೆ ಹೇಳಿದ ಹಾಗಾಗುತ್ತಿತ್ತು. ಅದಕ್ಕೊಂದು ಒಳ್ಳೆಯ ಜಾಗ ಬೇಕಿತ್ತು.

ಹೋದ ಶುಕ್ರವಾರ ಬೆಳಗ್ಗೆ ಸಭೆ. ಶಾಲೆಯ ದೊಡ್ಡ ಕೋಣೆ, ಮಕ್ಕಳ ಬೆಂಚುಗಳು. ದೊಡ್ಡ ದೊಡ್ಡ ಗಂಡಸರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಮುಂದೆ ಒಂದು ಮೇಜು, ಒಂದು ಕುರ್ಚಿ, ಒಂದು ಕರಕರ ಅನ್ನುವ ಮೈಕು. ನಿಮ್ಮ ಇಲಾಖೆಯ ವಿಭಾಗದ ಸಾಹೇಬರು ಬಂದಿದ್ದರು. ನೆತ್ತಿಯಲ್ಲಿ ಎರಡು ಸುಳಿ, ಹಿಂದೆ ಯಾರೋ ಅವಸರದಲ್ಲಿ ಓರೆ ಕತ್ತರಿಸಿದ್ದರು. ನಾವು ಅಂದುಕೊಂಡಿರದ ಇನ್ನೊಂದು ಗುಂಪೂ ಬಂದಿತ್ತು: ಬಿಸ್ಕತ್ತು ಫ್ಯಾಕ್ಟರಿಯ ಹೆಣ್ಣುಮಕ್ಕಳು, ಒಂದು ಲಾರಿ ತುಂಬಾ. ನಮ್ಮಿಂದ ತೆಗೆದ ಬಸ್ಸು ಅವರಿಗೆ ಹೋಗಬೇಕಿತ್ತಲ್ಲ. ಸಭೆ ಶುರುವಾದ ಕೂಡಲೇ ನಮ್ಮವರು "ಬಸ್ಸು ನಮ್ಮದು" ಎಂದರು, ಅವರು "ಬಸ್ಸು ನಮಗೆ" ಎಂದರು. ಮ್ಯಾನೇಜರು ತೆರಿಗೆ ಅಂದರು, ಯಾರೋ ಅವರಿಗೆ ಕೂತುಕೊಳ್ಳಿ ಅಂದರು. ದರ್ಜಿ ಬೆಂಚು ಹತ್ತಿದ, ಬೆಂಚು ಮುರಿಯಿತು. ಸಂತೆ ಅಂದರೆ ಸಂತೆ. ಸಾಹೇಬರು ಮೇಜು ಕುಟ್ಟಿ ಕುಟ್ಟಿ ಸೋತು, ನೀರು ಕುಡಿದು, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಇನ್ನು ಸ್ವಲ್ಪ ಹೊತ್ತು ಹೀಗೇ ನಡೆದಿದ್ದರೆ ಅವರು ಎದ್ದು ಹೋಗುತ್ತಿದ್ದರು, ಬಸ್ಸೂ ಅವರ ಹಿಂದೆಯೇ ಹೋಗುತ್ತಿತ್ತು.

ಆಗ ನನ್ನ ಸರದಿ ಕರೆದರು. ನಾನು ಅಂಗಡಿಯಲ್ಲಿ ಅರ್ಧ ಕ್ಷೌರ ಮುಗಿಸಿ ನೆಟ್ಟಗೆ ಓಡಿ ಬಂದವನು, ಹೆಗಲ ಮೇಲೆ ಬಿಳಿ ಬಟ್ಟೆ ಹಾಗೇ ಇತ್ತು. ಮೈಕು ಸಾಹೇಬರ ಕುರ್ಚಿಯ ಹಿಂದೆ. ಅಲ್ಲಿ ಹೋಗಿ ನಿಂತೆ. ಮೈಕು ಸರಿಮಾಡುವವನು ಏನೋ ತಿರುಗಿಸುತ್ತಿದ್ದ, ನಾನು ಕಾಯುತ್ತಾ ನಿಂತೆ. ಮಗಳೇ, ಮುಂದೆ ಆದದ್ದನ್ನು ನಾನು ಬೇಕೆಂದು ಮಾಡಿದ್ದಲ್ಲ, ನಿನ್ನಾಣೆ. ಎದುರಿಗೆ ಒಂದು ಕುರ್ಚಿ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ ಒಂದು ತಲೆ, ಹೆಗಲ ಮೇಲೆ ಬಟ್ಟೆ. ಕೈಗೆ ಇಷ್ಟು ಸಾಕಾಯಿತು. ಬಟ್ಟೆ ಎಳೆದೆ, ಫಟ್ ಎಂದು ಕೊಡವಿದೆ, ಸಾಹೇಬರ ಕೊರಳಿಗೆ ಸುತ್ತಿ ಹಿಂದೆ ಗಂಟು ಹಾಕಿ, ನೆತ್ತಿಯನ್ನು ಎರಡು ಬೆರಳಿನಿಂದ ಸ್ವಲ್ಪ ಮುಂದಕ್ಕೆ ಬಗ್ಗಿಸಿಯೂಬಿಟ್ಟೆ. ಆಮೇಲೆ ನನಗೆ ಎಚ್ಚರವಾಯಿತು.

ಕೂಗುತ್ತಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಸಾಹೇಬರು ಕಣ್ಣು ತೆರೆದು ತಮ್ಮ ಮೈಮೇಲಿನ ಬಿಳಿ ಬಟ್ಟೆಯನ್ನು ನೋಡಿಕೊಂಡರು. ಕೆಲಸ ಕೆಟ್ಟಿತು, ಇನ್ನು ನನ್ನ ಹೆಂಡತಿಯ ಬಸ್ಸು ಹೋಯಿತು ಅಂದುಕೊಂಡೆ. ಆಗ ಹಿಂದಿನ ಬೆಂಚಿನಿಂದ ಮ್ಯಾನೇಜರು, ನಮ್ಮ ವಿರೋಧಿ, ಎದ್ದು ನಿಂತು ಗಂಭೀರವಾಗಿ, "ಸರ್, ನಮ್ಮೂರಲ್ಲಿ ಆ ಬಟ್ಟೆ ಕಟ್ಟಿಸಿಕೊಂಡೋರು ಮಾತಾಡೋ ಹಾಗಿಲ್ಲ. ಉಳಿದೋರು ಒಬ್ಬೊಬ್ಬರಾಗಿ ಮಾತಾಡಬೇಕು. ಮೊದಲು ಎದುರು ಪಕ್ಷದ ಮಾತು, ಆಮೇಲೆ ತಮ್ಮ ಮಾತು. ರೂಲ್ಸು" ಎಂದರು. ಕೋಣೆಗೆ ಕೋಣೆಯೇ ಗೊಳ್ಳೆಂದು ನಕ್ಕಿತು. ಅಲ್ಲಿದ್ದ ನಮ್ಮೂರ ಗಂಡಸರೆಲ್ಲ ನನ್ನ ಬಟ್ಟೆಯ ಕೆಳಗೆ ಕೂತವರೇ ತಾನೇ. ಸಾಹೇಬರು ದೊಡ್ಡ ಮನುಷ್ಯ, ಅವರೂ ನಕ್ಕರು. ಗಂಟು ಬಿಚ್ಚಲಿಲ್ಲ. "ಆಯ್ತಪ್ಪಾ, ನಾನು ಬಾಯಿ ಮುಚ್ಚಿದೆ. ನೀವು ನಿಮ್ಮ ರೂಲ್ಸಿನ ಪ್ರಕಾರ ನಡೀರಿ" ಎಂದರು. ಮೇಜು ಕುಟ್ಟಿ ಆಗದ ಕೆಲಸ ಒಂದು ಮೊಳ ಬಟ್ಟೆಯಿಂದ ಆಗಿತ್ತು.

ಈಗ ಸಿಕ್ಕಿಬಿದ್ದವನು ನಾನು. ರೂಲ್ಸಿನ ಪ್ರಕಾರ ಮೊದಲು ಎದುರು ಪಕ್ಷದ ಮಾತು ಹೇಳಬೇಕಲ್ಲ! ಎದುರು ಪಕ್ಷ ಯಾರು? ನೀನು. ಆವತ್ತು ಊಟದ ಹೊತ್ತಿನಲ್ಲಿ ನೀನು ಹೇಳಿದ್ದು ಒಂದೊಂದೂ ನನ್ನ ಕಿವಿಯಲ್ಲಿತ್ತು. ನಾನು ಮೈಕು ಹಿಡಿದು ಹೇಳಿದೆ: "ಒಂದು ಬಸ್ಸಿದೆ. ನಮ್ಮ ಕಡೆ ಹಗಲೆಲ್ಲ ಖಾಲಿ ಓಡುತ್ತೆ. ಇನ್ನೊಂದು ಕಡೆ ಈ ತಾಯಂದಿರು ಬಾಗಿಲಿಗೆ ಜೋತುಬಿದ್ದು ಕೆಲಸಕ್ಕೆ ಹೋಗ್ತಾರೆ. ನಾವು ನಮ್ಮೂರ ಬಸ್ಸು ಅಂತ ಅಪ್ಪಿಕೊಂಡು ಕೂತು, ಅಲ್ಲಿ ಒಬ್ಬರ ಕೈ ಜಾರಿದ್ರೆ ಆ ಪಾಪ ಯಾರಿಗೆ? ಸರ್ಕಾರದ ದುಡ್ಡು ಯಾರಪ್ಪನ ಮನೆಯದೂ ಅಲ್ಲ, ಎಲ್ಲರದು. ಎಲ್ಲರದು ಅಂದ್ಮೇಲೆ ಎಲ್ಲಿ ಹೆಚ್ಚು ಕಷ್ಟ ಇದೆಯೋ ಅಲ್ಲಿಗೆ ಮೊದಲು ಹೋಗಬೇಕು. ನನ್ನ ಮನೆಯವಳಿಗೆ ಅನುಕೂಲ ಅನ್ನೋ ಕಾರಣಕ್ಕೆ ನಾನು ಇದನ್ನ ಸುಳ್ಳು ಅನ್ನೋಕಾಗಲ್ಲ." ಫ್ಯಾಕ್ಟರಿಯ ಹೆಣ್ಣುಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ದರ್ಜಿ ಮುರಿದ ಬೆಂಚಿನ ಪಕ್ಕದಿಂದಲೇ, "ಏನಯ್ಯಾ, ಆ ಕಡೆ ಸೇರಿಕೊಂಡ್ಯಾ?" ಎಂದು ಕೂಗಿದ. ಸಾಹೇಬರು ರೂಲ್ಸು ಮರೆತು ಹಿಂದಕ್ಕೆ ತಿರುಗಿ, "ಇದು ನಮ್ಮ ವರದಿಯ ಮಾತು. ವರದಿಗಿಂತ ಚೆನ್ನಾಗಿ ಹೇಳಿದ್ರಿ. ನಿಮಗೆ ಇದನ್ನ ಯಾರು ಹೇಳಿಕೊಟ್ಟಿದ್ದು?" ಅಂದರು.

ಒಳ್ಳೆಯ ಜಾಗಕ್ಕೋಸ್ಕರ ಕಾದಿದ್ದೆ ಅಂದೆನಲ್ಲ, ಅದು ಬಂದಿತ್ತು. "ಆ ವರದಿ ಬರೆದವಳು ನನ್ನ ಮಗಳು ಸರ್" ಎಂದೆ. "ಅವಳ ಅಮ್ಮ ಅದೇ ಬಸ್ಸಿನಲ್ಲಿ ದಿನಾ ಮನೆಗೆ ಬರೋದು. ಅದು ಗೊತ್ತಿದ್ದೂ ಬರೆದಳು. ಮನೆಗೆ ಬಂದು ನಮ್ಮ ಮುಖ ನೋಡಿ ಹೇಳಿದಳು." ದರ್ಜಿ ನೆಲ ನೋಡಿದ. ಆಮೇಲೆ ಮ್ಯಾನೇಜರು ಚಪ್ಪಾಳೆ ತಟ್ಟಿದರು, ಒಬ್ಬರೇ, ನಿಧಾನವಾಗಿ. ಆಮೇಲೆ ಇಡೀ ಕೋಣೆ. ಮಗಳೇ, ಆ ಚಪ್ಪಾಳೆ ನನಗಲ್ಲ, ನಿನಗೆ. ಇಲ್ಲೇ ಇರಬೇಕಿತ್ತು ನೀನು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿ ಹಾಕಿಕೊಟ್ಟ ದರ್ಜಿಯೇ ಹೆದರಬೇಕಿತ್ತು.

ಆಮೇಲೆ ನಾನು ನಮ್ಮ ಮಾತು ಹೇಳಿದೆ. ಹಗಲಿನ ಬಸ್ಸು ಖಾಲಿ, ಒಪ್ಪಿದೆ. ಸಂಜೆಯ ಬಸ್ಸು ಪೂರ್ತಿ ತುಂಬುವುದಿಲ್ಲ, ಅದನ್ನೂ ಒಪ್ಪಿದೆ. ಆದರೆ ಅದರಲ್ಲಿ ಬರುವವರು ಕಣ್ಣಿಗೆ ಬ್ಯಾಂಡೇಜು ಕಟ್ಟಿಸಿಕೊಂಡವರು, ಮಗುವಿಗೆ ಚುಚ್ಚುಮದ್ದು ಹಾಕಿಸಿದವರು, ಇಡೀ ದಿನ ಒಲೆಯ ಮುಂದೆ ನಿಂತವರು. ಅವರಿಗೆ ನಾಳೆ ಬನ್ನಿ ಅನ್ನುವ ಹಾಗಿಲ್ಲ ಎಂದೆ. ನನ್ನದು ಮುಗಿದ ಮೇಲೆ ಫ್ಯಾಕ್ಟರಿಯ ಕಡೆಯಿಂದ ಅವರ ಸೂಪರ್‌ವೈಸರಮ್ಮ ಎದ್ದರು, ಗಟ್ಟಿ ದನಿಯ ಹೆಂಗಸು. ಅವರೂ ರೂಲ್ಸು ಹಿಡಿದರು. ನಮ್ಮ ಪಕ್ಷವನ್ನು ಹೇಳಲು ಶುರುಮಾಡಿದರು: "ಆಸ್ಪತ್ರೆಯಿಂದ ಸಂಜೆ ಬರೋರಿಗೆ ಬೇರೆ ಬಸ್ಸಿಲ್ಲ. ಐದೂವರೆಗೆ ಆ ಬಸ್ಸು..." ಎಂದು ಅಲ್ಲೇ ನಿಂತುಬಿಟ್ಟರು. ನಾಲಗೆ ಕಚ್ಚಿಕೊಂಡು, ತಮ್ಮ ಕಡೆಯ ಹೆಣ್ಣುಮಕ್ಕಳ ಕಡೆಗೆ ತಿರುಗಿ, "ಅಲ್ಲಾ ಕಣ್ರೇ, ಐದೂವರೆಗೆ ನಾವೆಲ್ಲಾ ಮನೇಲಿ ಇರ್ತೀವಲ್ಲ! ನಮ್ಮ ಪಾಳಿ ಬಿಡೋದು ನಾಲ್ಕಕ್ಕೆ. ಆಮೇಲೆ ಆ ಬಸ್ಸು ಇಟ್ಟುಕೊಂಡು ನಾವೇನು ಉಪ್ಪಿನಕಾಯಿ ಹಾಕೋದಾ?" ಅಂದರು. ನಗು ತಡೆಯಲಾಗಲಿಲ್ಲ ಯಾರಿಗೂ. ನೋಡು, ಅವರು ಕೇಳಿದ್ದು ಇಡೀ ದಿನದ ಬಸ್ಸು, ನಾವು ಹಟ ಹಿಡಿದದ್ದೂ ಇಡೀ ದಿನದ ಬಸ್ಸಿಗೆ. ನಿನ್ನ ಮೇಜಿಗೆ ಬಂದದ್ದು ಇವೆರಡೇ ಅರ್ಜಿ. ನೀನು ಇನ್ನೇನು ಬರೆಯಲು ಸಾಧ್ಯವಿತ್ತು? ಒಬ್ಬರ ಕಷ್ಟವನ್ನು ಇನ್ನೊಬ್ಬರ ಬಾಯಿಂದ ಹೇಳಿಸುವ ತನಕ ನಮಗೇ ಹೊಳೆದಿರಲಿಲ್ಲ.

ಅಷ್ಟಾದ ಮೇಲೆ ಸಾಹೇಬರು ತಾವೇ ಬಟ್ಟೆಯ ಗಂಟು ಬಿಚ್ಚಿದರು. ಎರಡು ಡಿಪೋಗಳ ನಡುವೆ ಒಂದು ಬಸ್ಸು ಹಂಚುವುದು ಸುಲಭವಲ್ಲ, ಆದರೆ ಅದು ತಮ್ಮ ತಲೆನೋವು ಅಂದರು. ಹಗಲೆಲ್ಲ ಫ್ಯಾಕ್ಟರಿಗೆ, ಪಾಳಿ ಬಿಟ್ಟವರನ್ನು ಇಳಿಸಿ ಬಂದು ಸಂಜೆ ಆಸ್ಪತ್ರೆಗೆ. ಆರು ತಿಂಗಳು ನೋಡುವುದು. ಸಂಜೆಯ ಬಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಸೀಟು ತುಂಬಿದರೆ ಕಾಯಂ, ಇಲ್ಲದಿದ್ದರೆ ಮತ್ತೆ ಯೋಚನೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮುರಿದದ್ದು ಶಾಲೆಯ ಒಂದು ಬೆಂಚು ಮಾತ್ರ, ಅದನ್ನು ದರ್ಜಿ ಸರಿಮಾಡಿಸಿಕೊಡುತ್ತಾನಂತೆ. ಹೋಗುವ ಮುಂಚೆ ಸಾಹೇಬರು ನನ್ನ ಅಂಗಡಿಗೆ ಬಂದು ಹಿಂದಿನ ಓರೆ ಸರಿಮಾಡಿಸಿಕೊಂಡು ಹೋದರು. ಈ ಹೊತ್ತಿಗೆ ಆದೇಶದ ಪ್ರತಿ ನಿಮ್ಮ ಕಚೇರಿಗೂ ಬಂದಿರುತ್ತದೆ. ಆದರೆ ಅದರಲ್ಲಿ ಏನಿರುತ್ತದೆ, "ಮಾರ್ಪಡಿಸಲಾಗಿದೆ" ಅನ್ನುವ ಒಂದು ಒಣ ಮಾತು. ಅದಕ್ಕೇ ಇಷ್ಟುದ್ದ ಬರೆದೆ.

ಆವತ್ತು ನಮ್ಮ ಬೀದಿ ನೋಡಬೇಕಿತ್ತು. ಅಂಗಡಿಯ ಮುಂದೆ ಜನ ಜಾತ್ರೆ. ನಾನು ಖುಷಿಯಲ್ಲಿ ಈ ದಿನ ಎಲ್ಲರಿಗೂ ಕ್ಷೌರ ಉಚಿತ ಎಂದು ಕೂಗಿಬಿಟ್ಟೆ. "ಉಚಿತ ಕೊಡೋದು ಅರ್ಥವ್ಯವಸ್ಥೆಗೆ ಒಳ್ಳೇದಲ್ಲ, ಜನ ಕೆಟ್ಟುಹೋಗ್ತಾರೆ" ಎನ್ನುತ್ತಲೇ ಮ್ಯಾನೇಜರು ಎಲ್ಲರಿಗಿಂತ ಮೊದಲು ಬಂದು ಕುರ್ಚಿಯಲ್ಲಿ ಕೂತರು. ಇಲ್ಲದ ಕೂದಲನ್ನು ಎಷ್ಟು ಹೊತ್ತು ಕತ್ತರಿಸಿದೆನೋ! ವ್ಯಾನಿನ ಯಜಮಾನನೂ ಬಂದ, ಮುಖ ಗಂಟು ಹಾಕಿಕೊಂಡೇ. "ಆರು ತಿಂಗಳು ತಾನೇ, ಸೀಟು ತುಂಬಲಿ ನೋಡೋಣ" ಎಂದ. ಆ ಮಾತೊಂದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ದರ್ಜಿ ಮಾತ್ರ ಎಲ್ಲರೂ ಹೋದ ಮೇಲೆ ಬಂದು, "ನಿಮ್ಮ ಮಗಳಿಗೆ ಅಂದಿದ್ದು ತಪ್ಪಾಯ್ತು. ಬಂದಾಗ ಒಂದು ರವಿಕೆ ಹೊಲಿದುಕೊಡ್ತೀನಿ, ಅಳತೆ ಕೊಡೋಕೆ ಹೇಳಿ" ಅಂದ. ಅವನ ತಪ್ಪೊಪ್ಪಿಗೆಯೂ ಅಳತೆಯಿಲ್ಲದೆ ಆಗುವುದಿಲ್ಲ.

ಸಂಜೆ ನಾನು ಬಸ್ ಸ್ಟಾಪಿಗೆ ಹೋಗಿ ನಿಂತೆ, ಅಮ್ಮನಿಗೆ ನಾನೇ ಹೇಳಬೇಕೆಂದು. ಎಲ್ಲಿಯ ಭಾಗ್ಯ! ಕಂಡಕ್ಟರ್ ಆಸ್ಪತ್ರೆಯ ಗೇಟಿನಲ್ಲೇ ಎಲ್ಲವನ್ನೂ ಊದಿಬಿಟ್ಟಿದ್ದ, ಬಟ್ಟೆಯ ಕಥೆಯನ್ನೂ ಸೇರಿಸಿ. ಅವಳು ಇಳಿದವಳೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾಹೇಬರ ಕೊರಳಿಗೆ ಕಟ್ಟಿದ ಬಟ್ಟೆ ಒಗೆದದ್ದು ತಾನೇ? ಮಾನ ಉಳಿಸಿದ್ರಾ ಕಳೆದ್ರಾ?" ಎಂದು ಕೇಳಿದಳು. ಒಗೆದದ್ದೇ ಎಂದೆ. ಇಬ್ಬರೂ ಮನೆಯ ಕಡೆ ನಡೆದೆವು. ಮನೆಯ ಬಾಗಿಲ ಹತ್ತಿರ ಬಂದಾಗ, "ಅವಳ ಮಾತನ್ನ ಪೂರ್ತಿ ಹೇಳಿದ್ರಾ? ಬಿಟ್ಟು ಗಿಟ್ಟು ಹೇಳಲಿಲ್ಲ ತಾನೇ?" ಎಂದಳು. ಪೂರ್ತಿ ಹೇಳಿದೆ, ಸಾಹೇಬರೇ ಒಪ್ಪಿದರು ಎಂದೆ. ಅವಳು ಒಳಗೆ ಹೋಗಿ ಇಸ್ತ್ರಿ ಪೆಟ್ಟಿಗೆ ತೆಗೆದಳು. ಭಾನುವಾರವೂ ಅಲ್ಲ, ಏನೂ ಅಲ್ಲ, ಶುಕ್ರವಾರ! ಏಪ್ರನ್ನಿಗೆ ಗೆರೆ ಮೂಡುವುದನ್ನು ನಾನು ಬಾಗಿಲಿಗೆ ಒರಗಿ ನೋಡುತ್ತಾ ನಿಂತೆ. ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ, ನಿಜ ಹೇಳುತ್ತೇನೆ.

ಮಕ್ಕಳ ಕೈಯಲ್ಲಿ ಸೋಲಬೇಕು, ಅದೇ ತಂದೆಯ ಭಾಗ್ಯ ಎಂದು ಹಿರಿಯರು ಹೇಳುತ್ತಾರೆ. ನಾನು ಸೋಲಲಿಲ್ಲ, ಗೆದ್ದೆ. ಆದರೆ ನಿನ್ನ ಮಾತನ್ನು ಹೇಳಿಯೇ ಗೆದ್ದೆ. ಹಾಗಾಗಿ ಯಾರು ಗೆದ್ದರು ಅನ್ನುವುದನ್ನು ನೀನು ಬಂದ ಮೇಲೆ ಕೂತು ತೀರ್ಮಾನ ಮಾಡೋಣ. ಇಗೋ, ಬಟ್ಟೆ ಬಿಚ್ಚಿ ಕೊಡವಿದ್ದೇನೆ. ಇನ್ನು ನಿನ್ನ ಸರದಿ. ರೂಲ್ಸು ಗೊತ್ತಲ್ಲ, ಮೊದಲು ನಾನು ಹೇಳಿದ್ದನ್ನು ಹೇಳಬೇಕು. ಅದು ಕಾಗದದಲ್ಲಿ ಆಗುವ ಕೆಲಸವಲ್ಲ. ಆರೋಗ್ಯ ನೋಡಿಕೋ, ನಿದ್ದೆ ಮಾಡು, ತಲೆಗೆ ಎಣ್ಣೆ ಹಾಕಿಕೋ. ದೇವರು ನಿನ್ನ ಬರೆಯುವ ಕೈಯನ್ನು ಹೀಗೇ ನೆಟ್ಟಗಿಟ್ಟಿರಲಿ.

ನಿನ್ನನ್ನು ಸೋಲಿಸಿದೆನೆಂದು ಬೀಗುತ್ತಾ, ನಿನ್ನಿಂದಲೇ ಬೀಗುತ್ತಿರುವ,
ಅಪ್ಪ

ಮರೆತ ಮಾತು: ಗಿರಾಕಿ ಬಂದು ಕೂತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ ಕಂಡಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ದೂರು ಹೇಳಿದ. ನೀನು ಮುನಿಸಿಕೊಂಡು ಹೋದಂದಿನಿಂದ ಪ್ರತಿ ಶನಿವಾರ ಸಂಜೆ, ನೀನು ಊರಿಗೆ ಬರುತ್ತಿದ್ದ ಬಸ್ಸಿನಲ್ಲೇ, ನಿನ್ನ ಅಮ್ಮ ತನ್ನ ಪಕ್ಕದ ಕಿಟಕಿ ಸೀಟಿಗೆ ಊಟದ ಬ್ಯಾಗು ಇಟ್ಟುಕೊಂಡು ಬರುತ್ತಾಳಂತೆ. ಯಾರಾದರೂ ಕೇಳಿದರೆ "ಜನ ಬರ್ತಾರೆ" ಅನ್ನುತ್ತಾಳಂತೆ. ಮೊದಲಾದರೆ ಸರಿ, ಈಗ ಸೀಟು ಎಣಿಸುತ್ತಾರೆ, ಖಾಲಿ ಬಿದ್ದರೆ ಬಸ್ಸಿಗೇ ಕುತ್ತು, ನೀವೇ ಸ್ವಲ್ಪ ಹೇಳಿ ಎಂದ. ನನ್ನಿಂದ ಅದು ಹೇಳಲಾಗದು. ಖಾಲಿ ಸೀಟಿನ ವಿಷಯ ಬಲ್ಲವಳು ನೀನು. ಈ ಶನಿವಾರ ಆಸ್ಪತ್ರೆಯ ಗೇಟಿನಲ್ಲಿ ಹತ್ತು. ಇಲಾಖೆಯ ಪಾಸು ತೋರಿಸಬೇಡ, ಟಿಕೆಟ್ ತಗೋ, ಲೆಕ್ಕಕ್ಕೆ ಬರಲಿ. ಬ್ಯಾಗು ಎತ್ತಿ ಮಡಿಲಲ್ಲಿಟ್ಟುಕೊಂಡು ಅಲ್ಲಿ ಕೂತುಕೋ. ನಾನು ಸ್ಟಾಪಿನಲ್ಲಿ ನಿಂತಿರುತ್ತೇನೆ.